ಲಾರಿಯ ದೀಪ ಮತ್ತು ಎದುರಿನವನ ಕಣ್ಣು

ರಾತ್ರಿಯ ಹೊತ್ತು ನಮ್ಮ ಹೆದ್ದಾರಿಗಳಲ್ಲಿ ಪ್ರಯಾಣ ಮಾಡಿದವರಿಗೆಲ್ಲ ಒಂದು ಸಂಗತಿ ಅನುಭವಕ್ಕೆ ಬಂದೇ ಇರುವುದು. ಎದುರಿನಿಂದ ಬರುವ ಲಾರಿಗಳಲ್ಲಿ ಕೆಲವುಗಳ ದೀಪ ಹಳದಿ ಛಾಯೆಯ ಬೆಳಕನ್ನು ನೆಲದ ಮೇಲೆ ಚೆಲ್ಲುತ್ತ ಬರುವುದು. ಇನ್ನು ಕೆಲವುಗಳ ದೀಪ ನೀಲಿ ಬೆರೆತ ಬಿಳಿಯ ಬೆಳಕನ್ನು ನೇರವಾಗಿ ನಮ್ಮ ಮುಖಕ್ಕೆ ಎರಚುವುದು. ಈ ಎರಡನೆಯ ಬಗೆಯ ದೀಪ ಹತ್ತಿರ ಬಂದಂತೆಲ್ಲ ರಸ್ತೆಯ ಅಂಚು, ಅಂಚಿನಲ್ಲಿ ನಡೆಯುವ ಮನುಷ್ಯ, ಮುಂದೆ ಹೋಗುತ್ತಿರುವ ಸೈಕಲ್ಲು, ಎಲ್ಲವೂ ಒಂದು ಬೆಳ್ಳನೆಯ ಪರದೆಯ ಹಿಂದೆ ಮರೆಯಾಗುವುವು. ಲಾರಿ ದಾಟಿ ಹೋದ ಮೇಲೂ ಕೆಲವು ಕ್ಷಣ ಕಣ್ಣಿಗೆ ಏನೂ ಕಾಣದು.

ಇದಕ್ಕೆ ಕಾರಣ ಹಲವು ವೇಳೆ ಚಾಲಕನ ಒರಟುತನವಲ್ಲ. ಹ್ಯಾಲೊಜನ್ ಬಲ್ಬಿಗಾಗಿ ರಚಿಸಿದ ಹೆಡ್‌ಲೈಟಿನೊಳಗೆ ಅಂಗಡಿಯಿಂದ ತಂದ ಎಲ್‌ಇಡಿ ಬಲ್ಬನ್ನು ಸಿಕ್ಕಿಸಿರುವುದೇ ಬಹುಮಟ್ಟಿಗೆ ಕಾರಣವಾಗಿರುವುದು. ಬಲ್ಬು ಹಳೆಯದರ ಜಾಗದಲ್ಲಿ ಸರಿಯಾಗಿಯೇ ಕೂರುವುದು. ಗುಂಡಿ ಒತ್ತಿದರೆ ಉರಿಯುವುದು. ಮೊದಲಿಗಿಂತ ಬೆಳ್ಳಗೆ ಕಾಣುವುದು. ಇನ್ನೇನು ಬೇಕು ಎಂದು ಮಾಲೀಕನಿಗೆ ತೋರುವುದು ಸಹಜ. ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲವೆಂದು ನಮ್ಮ ಹಿರಿಯರು ಹೇಳಿರುವರಷ್ಟೆ. ಹೆಡ್‌ಲೈಟು ಎಂದರೆ ಬಲ್ಬು ಮಾತ್ರವಲ್ಲ. ಬಲ್ಬು, ಅದರ ಹಿಂದಿನ ಪ್ರತಿಫಲಕ, ಮುಂದಿನ ಗಾಜು, ಈ ಮೂರೂ ಸೇರಿದ ಒಂದು ದ್ಯುತಿಯಂತ್ರ ಅದು. ಅದರ ಒಂದು ಅಂಗವನ್ನು ಬೇರೆ ಜಾತಿಯದರಿಂದ ಬದಲಿಸಿ ಉಳಿದ ಅಂಗಗಳು ಮೊದಲಿನಂತೆಯೇ ಕೆಲಸ ಮಾಡಬೇಕೆಂದು ನಿರೀಕ್ಷಿಸುವುದು ಭೌತವಿಜ್ಞಾನಕ್ಕೆ ಒಪ್ಪುವ ಮಾತಲ್ಲ. ಬೆಳಕಿನ ಮೊತ್ತವನ್ನು ನೋಡಿ ಬಲ್ಬನ್ನು ಆರಿಸಬಾರದು, ಬೆಳಕು ಎಲ್ಲಿ ಬೀಳುವುದೆಂಬುದನ್ನು ನೋಡಿ ಆರಿಸಬೇಕು ಎಂಬುದೇ ಈ ಲೇಖನದ ವಾದ.

ಮೊದಲು ಲಾರಿಯ ಚಾಲಕನ ಪಕ್ಷವನ್ನು ನ್ಯಾಯವಾಗಿ ಕೇಳೋಣ. ಅವನ ದುಡಿಮೆಯ ದೊಡ್ಡ ಪಾಲು ರಾತ್ರಿಯಲ್ಲಿ ನಡೆಯುವುದು. ಪುಣೆಯಿಂದ ಬೆಂಗಳೂರಿಗೆ ಬರುವ 48ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಾಗಲಿ, ಶಿರಾಡಿ ಘಾಟಿಯ ಮೂಲಕ ಮಂಗಳೂರಿಗೆ ಇಳಿಯುವ 75ನೆಯ ಹೆದ್ದಾರಿಯಲ್ಲಾಗಲಿ ಅವನಿಗೆ ಎದುರಾಗುವ ಅಪಾಯಗಳು ಒಂದೆರಡಲ್ಲ. ಹಿಂದೀಪವಿಲ್ಲದ ಕಬ್ಬಿನ ಟ್ರಾಕ್ಟರು, ರಸ್ತೆಯ ಮೇಲೆಯೇ ಕೆಟ್ಟು ನಿಂತ ವಾಹನ, ಮಲಗಿದ ದನ, ಕಪ್ಪು ಕಂಬಳಿ ಹೊದ್ದು ನಡೆಯುವ ರೈತ, ಇವನ್ನೆಲ್ಲ ಅವನು ದೂರದಿಂದಲೇ ಕಾಣಬೇಕು. ಭಾರ ಹೇರಿದ ಲಾರಿ ಕಾರಿನಂತೆ ಥಟ್ಟನೆ ನಿಲ್ಲದು. ಆದುದರಿಂದ ಅವನು ಹೆಚ್ಚು ಬೆಳಕನ್ನು ಬಯಸುವುದು ಡೌಲಿಗಲ್ಲ, ಜೀವರಕ್ಷಣೆಗೆ. ಈ ಬಯಕೆಯನ್ನು ಹಳಿಯುವುದು ತರವಲ್ಲ. ಆ ಬಯಕೆಯನ್ನು ಈಡೇರಿಸುವೆನೆಂದು ಬರುವ ಸರಕು ನಿಜವಾಗಿಯೂ ಅದನ್ನು ಈಡೇರಿಸುವುದೆ ಎಂಬುದಷ್ಟೇ ಇಲ್ಲಿಯ ಪ್ರಶ್ನೆ.

ಹೆಡ್‌ಲೈಟಿನ ಹಿಂಭಾಗದ ಹೊಳೆಯುವ ಬಟ್ಟಲನ್ನು ನೀವು ನೋಡಿರುವಿರಿ. ಅದರ ಮೂಲ ಆಕಾರ ಪರವಲಯ. ಪರವಲಯದ ನಾಭಿಯಲ್ಲಿ ಒಂದು ಬಿಂದುವಿನಂತಹ ದೀಪವನ್ನಿಟ್ಟರೆ ಅದರಿಂದ ಹೊರಟ ಕಿರಣಗಳು ಬಟ್ಟಲಿಗೆ ತಾಗಿ ಪ್ರತಿಫಲಿಸಿ ಅಕ್ಷಕ್ಕೆ ಸಮಾಂತರವಾಗಿ ಮುಂದೆ ಸಾಗುವುವೆಂಬುದನ್ನು ನೀವು ಪಾಠಪುಸ್ತಕದಲ್ಲಿ ಓದಿದ್ದೀರಿ. ದೀಪ ನಾಭಿಯಿಂದ ಸರಿದರೆ ಏನಾಗುವುದೆಂಬ ಭಾಗವನ್ನು ಮಾತ್ರ ನಾವು ಸಾಮಾನ್ಯವಾಗಿ ಬೇಗ ಬೇಗ ದಾಟಿಬಿಡುವೆವು. ಹೆಡ್‌ಲೈಟಿನ ಕಥೆಯೆಲ್ಲ ಅಡಗಿರುವುದು ಆ ಭಾಗದಲ್ಲಿಯೇ. ಈಗಿನ ಅನೇಕ ಹೆಡ್‌ಲೈಟುಗಳಲ್ಲಿ ಪ್ರತಿಫಲಕವನ್ನು ಹಲವು ತುಣುಕುಗಳಾಗಿ ವಿಭಜಿಸಿ, ಒಂದೊಂದು ತುಣುಕೂ ರಸ್ತೆಯ ಒಂದೊಂದು ಭಾಗಕ್ಕೆ ಬೆಳಕು ಕಳುಹುವಂತೆ ಲೆಕ್ಕಹಾಕಿ ರೂಪಿಸಿರುವರು. ಲೆಕ್ಕಕ್ಕೆ ಆಧಾರವಾಗಿ ತೆಗೆದುಕೊಂಡದ್ದು ಮಾತ್ರ ಒಂದೇ: ಗೊತ್ತಾದ ಸ್ಥಳದಲ್ಲಿರುವ, ಗೊತ್ತಾದ ಉದ್ದದ, ಒಂದು ಚಿಕ್ಕ ಟಂಗ್‌ಸ್ಟನ್ ತಂತು.

ನಮ್ಮ ಲಾರಿಗಳಲ್ಲಿ ಬಹಳವಾಗಿ ಕಂಡುಬರುವ ಎಚ್-4 ಎಂಬ ಹ್ಯಾಲೊಜನ್ ಬಲ್ಬನ್ನು ಕೈಯಲ್ಲಿ ಹಿಡಿದು ನೋಡಿ. 1971ರಲ್ಲಿ ಬಳಕೆಗೆ ಬಂದ ಈ ಬಲ್ಬಿನೊಳಗೆ ಎರಡು ತಂತುಗಳಿರುವುವು. ಒಂದು, ಚಾಲಕರು ‘ಬ್ರೈಟ್’ ಎಂದು ಕರೆಯುವ ದೂರದ ಬೆಳಕಿಗೆ. ಅದು ನಾಭಿಯ ಬಳಿಯಲ್ಲಿರುವುದು. ಇನ್ನೊಂದು, ‘ಡಿಮ್’ ಎಂದು ಕರೆಯುವ ತಗ್ಗಿದ ಬೆಳಕಿಗೆ. ಅದು ನಾಭಿಗಿಂತ ತುಸು ಮುಂದಿರುವುದು. ಈ ಎರಡನೆಯ ತಂತುವಿನ ಕೆಳಗೆ ದೋಣಿಯ ಆಕಾರದ ಒಂದು ಪುಟ್ಟ ಲೋಹದ ಬಟ್ಟಲಿದೆ. ಇಷ್ಟು ಚಿಕ್ಕ ತಗಡಿಗೆ ಅಲ್ಲೇನು ಕೆಲಸವೆಂದು ನಿಮಗೆ ಅನ್ನಿಸಬಹುದು. ನಾಭಿಯಿಂದ ಮುಂದಿರುವ ತಂತುವಿನ ಕಿರಣಗಳು ಪ್ರತಿಫಲಕದ ಮೇಲಿನ ಅರ್ಧಕ್ಕೆ ತಾಗಿದರೆ ಕೆಳಮುಖವಾಗಿ ಹೊರಡುವುವು. ಕೆಳಗಿನ ಅರ್ಧಕ್ಕೆ ತಾಗಿದರೆ ಮೇಲ್ಮುಖವಾಗಿ ಹೊರಡುವುವು. ಮೇಲ್ಮುಖವಾದ ಬೆಳಕು ಎದುರಿನವನ ಕಣ್ಣಿಗೆ ಹೋಗುವ ಬೆಳಕು. ಆ ಲೋಹದ ಬಟ್ಟಲು ಕೆಳಗಿನ ಅರ್ಧಕ್ಕೆ ಬೆಳಕು ಬೀಳದಂತೆ ತಡೆಯುವುದು. ಅಂದರೆ ಬಲ್ಬಿನಿಂದ ಬರುವ ಬೆಳಕಿನ ಒಂದು ಪಾಲನ್ನು ತಿಳಿದು ತಿಳಿದೇ ತಡೆದು, ಎದುರಿನವನ ಕಣ್ಣನ್ನು ಕಾಪಾಡುವ ಏರ್ಪಾಡು ಅದು. ಒಂದೇ ಬಲ್ಬಿನಲ್ಲಿ ಎರಡು ತಂತುಗಳನ್ನಿಡುವ ಈ ಉಪಾಯ 1920ರ ದಶಕದಷ್ಟು ಹಳೆಯದು.

ತಂತುವಿನ ಸ್ಥಾನ ಎಷ್ಟು ಕರಾರುವಾಕ್ಕಾಗಿರಬೇಕೆಂಬುದನ್ನು ಒಂದು ಸುಲಭ ಗಣಿತದಿಂದ ತಿಳಿಯಬಹುದು. ಪ್ರತಿಫಲಕದ ನಾಭಿದೂರ 25 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಬೆಳಕಿನ ಮೂಲ ತನ್ನ ಸ್ಥಾನದಿಂದ ಒಂದೇ ಒಂದು ಮಿಲಿಮೀಟರ್ ಕೆಳಕ್ಕೆ ಸರಿದರೆ ಹೊರಬರುವ ಕಿರಣ 25ರಲ್ಲಿ 1 ರೇಡಿಯನ್‌ನಷ್ಟು, ಅಂದರೆ ಸುಮಾರು 2.3 ಡಿಗ್ರಿಯಷ್ಟು ಮೇಲಕ್ಕೆ ಬಾಗುವುದು. 25 ಮೀಟರ್ ದೂರ ಹೋಗುವಷ್ಟರಲ್ಲಿ ಅದು ಸರಿಯಾಗಿ ಒಂದು ಮೀಟರ್ ಮೇಲೇರಿರುವುದು. ಡಿಮ್ ಬೆಳಕು ನೂರು ಪಾಲಿಗೆ ಒಂದು ಪಾಲು ಇಳಿಯುವಂತೆ ಹೊಂದಿಸಿದೆಯೆನ್ನೋಣ. 25 ಮೀಟರಿಗೆ ಅದು 25 ಸೆಂಟಿಮೀಟರ್ ಕೆಳಗಿರಬೇಕಾಗಿತ್ತು. ಈಗ ಅದು 75 ಸೆಂಟಿಮೀಟರ್ ಮೇಲಿದೆ. ಲಾರಿಯ ದೀಪವೇ ನೆಲದಿಂದ ಒಂದು ಮೀಟರ್ ಎತ್ತರದಲ್ಲಿದ್ದರೆ ಆ ಕಿರಣದ ಎತ್ತರ 1.75 ಮೀಟರ್. ನೆಲದ ಮೇಲೆ ಬೀಳಬೇಕಾದ ಬೆಳಕು ಹೀಗೆ ಮೋಟಾರ್‌ಸೈಕಲ್ ಸವಾರನ ತಲೆಯ ಮೇಲಿನವರೆಗೂ ಹರಡಿತು. ಒಂದು ಮಿಲಿಮೀಟರಿನ ಪಲ್ಲಟಕ್ಕೆ ಇಷ್ಟು ಫಲ!

ಇನ್ನು ಎಲ್‌ಇಡಿಯ ವಿಷಯಕ್ಕೆ ಬರೋಣ. ಅರೆವಾಹಕದ ಒಂದು ಚಿಕ್ಕ ಹರಳಿನಲ್ಲಿ ಎಲೆಕ್ಟ್ರಾನುಗಳು ಹೆಚ್ಚಿನ ಶಕ್ತಿಮಟ್ಟದಿಂದ ಕಡಿಮೆಯ ಮಟ್ಟಕ್ಕೆ ಇಳಿಯುವಾಗ ಆ ಶಕ್ತಿಯ ಅಂತರ ಬೆಳಕಾಗಿ ಹೊರಬೀಳುವುದು. 1962ರಲ್ಲಿ ನಿಕ್ ಹೊಲೊನ್ಯಾಕ್ ಕಣ್ಣಿಗೆ ಕಾಣುವ ಕೆಂಪು ಬೆಳಕಿನ ಎಲ್‌ಇಡಿಯನ್ನು ತಯಾರಿಸಿ ತೋರಿಸಿದರು. ನೀಲಿಯ ಬೆಳಕಿಗೆ ಮಾತ್ರ ಜಗತ್ತು ಬಹುಕಾಲ ಕಾಯಬೇಕಾಯಿತು. ಅದನ್ನು ಸಾಧಿಸಿದ ಇಸಾಮು ಅಕಸಾಕಿ, ಹಿರೋಶಿ ಅಮಾನೊ ಮತ್ತು ಶುಜಿ ನಕಾಮುರ ಅವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಪಾರಿತೋಷಿಕ ದೊರೆಯಿತು. ನೀಲಿ ಎಲ್‌ಇಡಿಯ ಮೇಲೆ ಹಳದಿ ಬೆಳಕನ್ನು ಸೂಸುವ ರಂಜಕ ಪದಾರ್ಥದ ಲೇಪನವನ್ನು ಕೊಟ್ಟರೆ ನೀಲಿ ಹಳದಿಗಳೆರಡೂ ಬೆರೆತು ಬಿಳಿಯಾಗಿ ಕಾಣುವುವು. ತಂತುವಿನ ದೀಪ ಬಳಸುವ ವಿದ್ಯುತ್ತಿನ ಬಹುಭಾಗ ಶಾಖವಾಗಿ ವ್ಯರ್ಥವಾಗುವುದು. ಎಲ್‌ಇಡಿ ಅದೇ ಬೆಳಕನ್ನು ಅದರ ನಾಲ್ಕರಲ್ಲೊಂದು ಪಾಲು ಶಕ್ತಿಯಿಂದಲೇ ಕೊಡಬಲ್ಲುದು. ಅಲುಗಾಟಕ್ಕೆ ತುಂಡಾಗುವ ತಂತು ಅದರಲ್ಲಿಲ್ಲ. ಈ ಶತಮಾನದ ದೊಡ್ಡ ವರಗಳಲ್ಲಿ ಇದೊಂದೆಂಬುದರಲ್ಲಿ ಸಂದೇಹವಿಲ್ಲ. ನನ್ನ ಆಕ್ಷೇಪಣೆ ಎಲ್‌ಇಡಿಯ ಮೇಲಲ್ಲ. ಅದನ್ನು ಹೊಂದದ ಮನೆಗೆ ಕೊಟ್ಟು ಮಾಡುವ ಸಂಬಂಧದ ಮೇಲೆ.

ತಂತು ಒಂದು ಸಣ್ಣ ಸುರುಳಿ. ತನ್ನ ಸುತ್ತಲೂ ಎಲ್ಲ ದಿಕ್ಕಿಗೂ ಬೆಳಕನ್ನು ಕೊಡುವುದು. ಬದಲಿ ಎಲ್‌ಇಡಿ ಬಲ್ಬಿನಲ್ಲಿ ಅಂತಹ ಸುರುಳಿಯಿಲ್ಲ. ಒಂದು ಲೋಹದ ಹಲಗೆಯ ಎರಡು ಮೈಗಳ ಮೇಲೆ ಹರಳುಗಳನ್ನು ಸಾಲಾಗಿ ಕೂರಿಸಿರುವರು. ಹಲಗೆಗೆ ದಪ್ಪವಿರುವುದರಿಂದ ಹರಳುಗಳು ತಂತುವಿದ್ದ ರೇಖೆಯ ಮೇಲೆ ಇರದೆ ಅದರ ಆಚೆಗೊಂದು ಈಚೆಗೊಂದು ಇರುವುವು. ಹರಳುಗಳ ಸಾಲು ತಂತುವಿಗಿಂತ ಉದ್ದವಾಗಿದ್ದರೆ ಅದರ ತುದಿಗಳು ನಾಭಿಯಿಂದ ಇನ್ನಷ್ಟು ದೂರ. ಬಲ್ಬನ್ನು ತುಸು ತಿರುಗಿಸಿ ಕೂರಿಸಿದರೆ ಹಲಗೆಯ ಅಂಚು ಪ್ರತಿಫಲಕದ ಕೆಲವು ಭಾಗಕ್ಕೆ ಕತ್ತಲೆಯನ್ನೂ ಉಳಿದ ಭಾಗಕ್ಕೆ ಬೇಡದ ಬೆಳಕನ್ನೂ ಹಂಚುವುದು. ಡಿಮ್ ಬೆಳಕಿನ ಕೆಳಗಿರಬೇಕಾದ ಆ ಪುಟ್ಟ ಲೋಹದ ಬಟ್ಟಲು ಅಗ್ಗದ ಸರಕಿನಲ್ಲಿ ನೆಪಕ್ಕೆ ಮಾತ್ರ ಇರಬಹುದು, ಇಲ್ಲದೆಯೂ ಇರಬಹುದು. ಹಿಂದೆ ಲೆಕ್ಕಹಾಕಿದ ಒಂದು ಮಿಲಿಮೀಟರಿನ ಪಲ್ಲಟ ಇಲ್ಲಿ ಅಪರೂಪದ ದೋಷವಲ್ಲ, ರಚನೆಯಲ್ಲಿಯೇ ಸೇರಿಹೋಗಿರುವ ಗುಣ.

ಇದರ ಪರಿಣಾಮವಾಗಿ ನಮ್ಮ ರಸ್ತೆಗಳ ಒಂದು ಹಳೆಯ ಮರ್ಯಾದೆಯೇ ಅರ್ಥ ಕಳೆದುಕೊಳ್ಳುವುದು. ಲಾರಿಗಳ ಬೆನ್ನಿನ ಮೇಲೆ ‘ಯೂಸ್ ಡಿಪ್ಪರ್ ಅಟ್ ನೈಟ್’ ಎಂದು ಬಣ್ಣದಲ್ಲಿ ಬರೆದಿರುವುದನ್ನು ಯಾರು ನೋಡಿಲ್ಲ? ಎದುರಿಗೆ ವಾಹನ ಬಂದಾಗ ಬ್ರೈಟ್ ತೆಗೆದು ಡಿಮ್ ಹಾಕುವುದು ಒಬ್ಬ ಚಾಲಕ ಇನ್ನೊಬ್ಬನಿಗೆ ಸಲ್ಲಿಸುವ ಸೌಜನ್ಯ. ಆದರೆ ಹೊಂದದ ಬಲ್ಬನ್ನು ಹಾಕಿಸಿಕೊಂಡವನು ಡಿಪ್ಪರ್ ಒತ್ತಿದರೂ ಬೆಳಕು ತಗ್ಗದು. ಅವನು ತನ್ನ ಕರ್ತವ್ಯವನ್ನು ಮಾಡಿದೆನೆಂದೇ ತಿಳಿದಿರುವನು; ಎದುರಿನವನು ಇವನನ್ನು ದುರಹಂಕಾರಿಯೆಂದು ಬೈಯುತ್ತ ತಾನೂ ಬ್ರೈಟ್ ಹಾಕುವನು. ಸಭ್ಯರಾದ ಇಬ್ಬರನ್ನು ಒಂದು ಬಲ್ಬು ವೈರಿಗಳನ್ನಾಗಿ ಮಾಡುವುದು.

ಅಂಗಡಿಯಲ್ಲಿ ಬಲ್ಬು ಕೊಳ್ಳುವವನ ಕಣ್ಣಿಗೆ ಮೊದಲು ಬೀಳುವುದು ಪೆಟ್ಟಿಗೆಯ ಮೇಲಿನ ಲ್ಯೂಮೆನ್ ಸಂಖ್ಯೆ. 24 ವೋಲ್ಟಿನ ಲಾರಿಯ ಎಚ್-4 ಹ್ಯಾಲೊಜನ್ ಬಲ್ಬು ಬ್ರೈಟಿನಲ್ಲಿ 75 ವಾಟ್, ಡಿಮ್ಮಿನಲ್ಲಿ 70 ವಾಟ್ ಶಕ್ತಿಯದು. ಅದು ಕ್ರಮವಾಗಿ ಸುಮಾರು 1900 ಮತ್ತು 1200 ಲ್ಯೂಮೆನ್ ಬೆಳಕನ್ನು ಕೊಡುವುದು. ಇದರ ಪಕ್ಕದಲ್ಲಿ 40 ವಾಟಿನ ಎಲ್‌ಇಡಿ ಬಲ್ಬೊಂದರ ಮೇಲೆ 20,000 ಲ್ಯೂಮೆನ್ ಎಂದು ಬರೆದಿದ್ದರೆ ಯಾರಿಗೆ ಆಸೆಯಾಗದು? ವಿಜ್ಞಾನದ ವಿದ್ಯಾರ್ಥಿ ಇಲ್ಲಿ ಒಂದು ಭಾಗಾಹಾರ ಮಾಡಬೇಕು. 20,000ವನ್ನು 40ರಿಂದ ಭಾಗಿಸಿದರೆ ವಾಟಿಗೆ 500 ಲ್ಯೂಮೆನ್ ಆಯಿತು. ಮನುಷ್ಯನ ಕಣ್ಣು ಹಗಲಿನಲ್ಲಿ ಅತಿ ಚೆನ್ನಾಗಿ ಗ್ರಹಿಸುವ 555 ನ್ಯಾನೊಮೀಟರ್ ತರಂಗಾಂತರದ ಹಸಿರು ಬೆಳಕಿನಲ್ಲಿಯೇ, ಒಂದು ಚೂರೂ ಶಾಖವಾಗಿ ನಷ್ಟವಾಗದಿದ್ದರೆ, ವಾಟಿಗೆ 683 ಲ್ಯೂಮೆನ್ ದೊರೆಯುವುದು, ಅದೇ ಪರಮಾವಧಿ. ಬಣ್ಣಗಳನ್ನು ಸರಿಯಾಗಿ ತೋರಿಸುವ ಬಿಳಿಯ ಬೆಳಕಾದರೆ ಈ ಮಿತಿ ಸುಮಾರು 400ನ್ನು ದಾಟಲಾರದು. ರೂಢಿಯ ಒಳ್ಳೆಯ ಎಲ್‌ಇಡಿಗಳು ಕೊಡುವುದು ವಾಟಿಗೆ 100ರಿಂದ 150. ಆದುದರಿಂದ 40 ವಾಟಿನ ಬಲ್ಬಿನಿಂದ 4000ದಿಂದ 6000 ಲ್ಯೂಮೆನ್‌ಗಿಂತ ಹೆಚ್ಚನ್ನು ನಂಬುವಂತಿಲ್ಲ. ಪೆಟ್ಟಿಗೆಯ ಮೇಲಿನ ಸಂಖ್ಯೆ ಪ್ರಕೃತಿಯ ನಿಯಮಕ್ಕೇ ಮೀರಿದ್ದರೆ ಅದರ ಉಳಿದ ಮಾತುಗಳನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದನ್ನು ನೀವೇ ನಿರ್ಣಯಿಸಬಹುದು.

ಸಂಖ್ಯೆ ಪ್ರಾಮಾಣಿಕವಾಗಿದ್ದರೂ ಅದು ಹೇಳುವುದು ಬಲ್ಬು ಒಟ್ಟು ಎಷ್ಟು ಬೆಳಕನ್ನು ಸೂಸುವುದೆಂಬುದನ್ನು ಮಾತ್ರ. ಚಾಲಕನಿಗೆ ಬೇಕಾದದ್ದು ನೂರು ಮೀಟರ್ ಆಚೆಯ ರಸ್ತೆಯ ಮೇಲಿನ ಬೆಳಕು. ಇವೆರಡೂ ಒಂದೇ ಅಲ್ಲ. ಕೆರೆಯ ತುಂಬ ನೀರಿದ್ದರೂ ಕಾಲುವೆ ಸರಿಯಿಲ್ಲದಿದ್ದರೆ ಕೊನೆಯ ಗದ್ದೆಗೆ ನೀರು ಬಾರದಷ್ಟೆ. ಹೊಂದದ ಬಲ್ಬಿನ ಬೆಳಕು ಹಲವು ವೇಳೆ ಲಾರಿಯ ಮುಂದಿನ ಹತ್ತು ಹದಿನೈದು ಮೀಟರಿನಲ್ಲಿಯೇ ರಾಶಿಯಾಗಿ ಬೀಳುವುದು. ಆ ಹತ್ತಿರದ ಹೊಳಪಿಗೆ ಕಣ್ಣಿನ ಪಾಪೆ ಕಿರಿದಾಗುವುದರಿಂದ ದೂರದ ಮಂಕಾದ ವಸ್ತು ಇನ್ನಷ್ಟು ಮಂಕಾಗುವುದು. ಚಾಲಕನಿಗೆ ಮಾತ್ರ ಎಲ್ಲವೂ ಬೆಳಗಾದಂತೆ ತೋರಿ ಧೈರ್ಯ ಹೆಚ್ಚುವುದು. ಕಾಣುವುದು ಕಡಿಮೆಯಾಗಿ ಧೈರ್ಯ ಹೆಚ್ಚಾಗುವುದಕ್ಕಿಂತ ಅಪಾಯದ ಸ್ಥಿತಿ ರಸ್ತೆಯ ಮೇಲೆ ಇನ್ನೊಂದಿಲ್ಲ.

ಎದುರಿನವನ ಕಣ್ಣಿನೊಳಗೆ ಏನಾಗುವುದೆಂಬುದನ್ನೂ ನೋಡೋಣ. ಕಣ್ಣಿನ ಮಸೂರ ಮತ್ತು ಅದರೊಳಗಿನ ದ್ರವಗಳು ಸಂಪೂರ್ಣ ನಿರ್ಮಲವಾದ ಗಾಜಿನಂತಲ್ಲ. ಒಳಹೊಕ್ಕ ಪ್ರಖರವಾದ ಬೆಳಕಿನ ಒಂದು ಪಾಲು ಅಲ್ಲಿ ಚದರಿ ಅಕ್ಷಿಪಟದ ಮೇಲೆಲ್ಲ ತೆಳುವಾಗಿ ಹರಡುವುದು. ನಾವು ಮೊದಲು ಹೇಳಿದ ಬೆಳ್ಳನೆಯ ಪರದೆ ಇದೇ. ಈ ಪರದೆಯ ಸಾಂದ್ರತೆ ಕಣ್ಣಿಗೆ ಬೀಳುವ ಬೆಳಕಿಗೆ ಅನುಪಾತವಾಗಿಯೂ, ನೋಟದ ದಿಕ್ಕಿಗೂ ಆ ದೀಪಕ್ಕೂ ನಡುವಣ ಕೋನದ ವರ್ಗಕ್ಕೆ ಸರಿಸುಮಾರು ವಿಲೋಮವಾಗಿಯೂ ಇರುವುದು. ಅಂದರೆ ಕೋನ ಅರ್ಧವಾದರೆ ಪರದೆ ನಾಲ್ಕು ಪಟ್ಟು ದಟ್ಟವಾಗುವುದು. ಇಕ್ಕಟ್ಟಾದ ನಮ್ಮ ಎರಡು ಸಾಲಿನ ರಸ್ತೆಗಳಲ್ಲಿ ಎದುರಿನ ದೀಪ ನೋಟದ ದಿಕ್ಕಿಗೆ ತೀರ ಸಮೀಪದಲ್ಲಿರುವುದು. ವಯಸ್ಸಾದಂತೆಲ್ಲ ಮಸೂರ ಮಂಕಾಗುವುದರಿಂದ ಹಿರಿಯರಿಗೆ ಈ ತೊಂದರೆ ಇನ್ನೂ ಹೆಚ್ಚು. ಹದಿನೆಂಟರ ವಿದ್ಯಾರ್ಥಿಗೆ ಕಿರುಕುಳವಾಗಿ ತೋರುವ ಬೆಳಕು ಅರವತ್ತರ ಅವನ ಅಜ್ಜನಿಗೆ ಕುರುಡಾಗಬಹುದು.

ಕಣ್ಣು ಚೇತರಿಸಿಕೊಳ್ಳಲು ಮೂರು ಸೆಕೆಂಡು ಹಿಡಿಯಿತೆನ್ನೋಣ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುವವನು ಒಂದು ಸೆಕೆಂಡಿಗೆ ಸುಮಾರು 16.7 ಮೀಟರ್ ಸಾಗುವನು. ಮೂರು ಸೆಕೆಂಡಿಗೆ 50 ಮೀಟರ್. ಅಷ್ಟು ದೂರವನ್ನು ಅವನು ಕಣ್ಣು ಕಟ್ಟಿಸಿಕೊಂಡವನಂತೆ ದಾಟಬೇಕು. ಇಲ್ಲಿ ಇನ್ನೊಂದು ಅನ್ಯಾಯವನ್ನೂ ಗಮನಿಸಿ. ಲಾರಿಯ ಚಾಲಕ ಎತ್ತರದಲ್ಲಿ ಕುಳಿತಿರುವನು. ಚಿಕ್ಕ ವಾಹನಗಳ ದೀಪ ಅವನ ಕಣ್ಣನ್ನು ಅಷ್ಟಾಗಿ ಮುಟ್ಟದು. ಅವನ ದೀಪವಾದರೋ ಎತ್ತರದಿಂದ ಬಂದು ಸ್ಕೂಟರು, ಆಟೊರಿಕ್ಷಾ, ಸೈಕಲ್ಲುಗಳವರ ಕಣ್ಣಿಗೆ ಸಮವಾಗಿ ಬೀಳುವುದು. ತಪ್ಪಿನ ಫಲವನ್ನು ಉಣ್ಣುವವನು ತಪ್ಪು ಮಾಡಿದವನಲ್ಲ, ಅವನಿಗಿಂತ ಚಿಕ್ಕ ವಾಹನದವನು. ಆದ್ದರಿಂದಲೇ ಈ ದೋಷ ತನ್ನಷ್ಟಕ್ಕೆ ತಿದ್ದಿಕೊಳ್ಳುವಂತಹುದಲ್ಲ.

ಬಣ್ಣದ ವಿಷಯದಲ್ಲಿಯೂ ಒಂದೆರಡು ಮಾತು ಅಗತ್ಯ. ಹಳದಿಯ ಬೆಳಕು ಮಂಜನ್ನು ಸೀಳಿಕೊಂಡು ಹೋಗುವುದೆಂದೂ ಬಿಳಿಯದಕ್ಕೆ ಆ ಶಕ್ತಿಯಿಲ್ಲವೆಂದೂ ಒಂದು ನಂಬಿಕೆಯುಂಟು. ಆಕಾಶ ನೀಲಿಯಾಗಿ ಕಾಣಲು ಕಾರಣವಾದ ಚದರಿಕೆಯಲ್ಲಿ ತರಂಗಾಂತರಕ್ಕೆ ಬಹಳ ಮಹತ್ವವಿದೆ, ನಿಜ. ಆದರೆ ಅದು ಗಾಳಿಯ ಅಣುಗಳಂತಹ ಅತಿಸೂಕ್ಷ್ಮ ಕಣಗಳ ವಿಷಯ. ಮಂಜಿನ ಹನಿಗಳು ಬೆಳಕಿನ ತರಂಗಾಂತರಕ್ಕಿಂತ ಹತ್ತಾರು ಪಟ್ಟು ದೊಡ್ಡವು. ಅವು ಎಲ್ಲ ಬಣ್ಣಗಳನ್ನೂ ಹೆಚ್ಚುಕಡಮೆ ಸಮನಾಗಿ ಚದರಿಸುವುವು. ಮಂಜು ಬೆಳ್ಳಗೆ ಕಾಣುವುದೇ ಇದಕ್ಕೆ ಸಾಕ್ಷಿ. ಹಾಗಾದರೆ ಚಾರ್ಮಾಡಿಯ ಮಂಜಿನಲ್ಲಿ ಬದಲಿ ಎಲ್‌ಇಡಿ ಹಾಕಿದ ಲಾರಿಯ ಮುಂದೆ ಬಿಳಿಯ ಗೋಡೆ ಏಳುವುದೇಕೆ? ಮೇಲಕ್ಕೆ ಹೋಗಬಾರದ ಬೆಳಕು ಮೇಲಕ್ಕೆ ಹೋಗಿ, ಹನಿಗಳಿಂದ ಚದರಿ, ಚಾಲಕನ ಕಣ್ಣಿಗೇ ಮರಳುವುದರಿಂದ. ಇಲ್ಲಿಯೂ ದೋಷ ಮುಖ್ಯವಾಗಿ ಬಣ್ಣದ್ದಲ್ಲ, ದಿಕ್ಕಿನದು. ಆದರೂ 6000 ಕೆಲ್ವಿನ್‌ಗೆ ಮೀರಿದ, ನೀಲಿಯೇ ಮುಂದಾದ ಬೆಳಕು ಎದುರಿನವನಿಗೆ ಹೆಚ್ಚು ಹಿಂಸೆಯಾಗಿ ತೋರುವುದೆಂಬುದೂ ನಿಜ. ಎಲ್‌ಇಡಿಯಲ್ಲಿಯೇ ಆರಿಸಬೇಕಾದರೆ 4000ದಿಂದ 5000 ಕೆಲ್ವಿನ್‌ನದು ಮೇಲು.

ಹಾಗಾದರೆ ಮಂಕು ದೀಪದಲ್ಲಿಯೇ ಚಾಲಕ ಕಷ್ಟಪಡಬೇಕೆ ಎಂದು ಕೇಳಬಹುದು. ಹಾಗೇನೂ ಇಲ್ಲ. ದೀಪ ಮಂಕಾಗಿದ್ದರೆ ಅದಕ್ಕೆ ಬಲ್ಬೇ ಕಾರಣವೆಂದು ಎಣಿಸುವುದು ಮೊದಲ ತಪ್ಪು. ಹಳೆಯ ಲಾರಿಗಳಲ್ಲಿ ತಂತಿಗಳು ಸವೆದು, ಕೂಡುಗೆಗಳು ತುಕ್ಕು ಹಿಡಿದು, ಬ್ಯಾಟರಿಯಿಂದ ಬಲ್ಬಿಗೆ ಬರುವಷ್ಟರಲ್ಲಿ ವೋಲ್ಟೇಜು ಇಳಿಯುವುದು. ಹ್ಯಾಲೊಜನ್ ಬಲ್ಬಿನ ಬೆಳಕು ವೋಲ್ಟೇಜಿನ ಸುಮಾರು 3.4ನೆಯ ಘಾತಕ್ಕೆ ಅನುಪಾತವಾಗಿರುವುದರಿಂದ ವೋಲ್ಟೇಜು ನೂರಕ್ಕೆ ಹತ್ತು ಇಳಿದರೆ ಬೆಳಕು ನೂರಕ್ಕೆ ಮೂವತ್ತು ಇಳಿಯುವುದು. ದಪ್ಪನೆಯ ಹೊಸ ತಂತಿ ಮತ್ತು ಒಂದು ರಿಲೇ ಹಾಕಿಸಿದರೆ ಕಳೆದುಹೋದ ಈ ಬೆಳಕು ಹಿಂದಿರುಗುವುದು. ಬಿಸಿಲಿಗೆ ಹಳದಿಗಟ್ಟಿದ ಪ್ಲಾಸ್ಟಿಕ್ ಮುಚ್ಚಳ, ಹೊಳಪು ಕಳೆದುಕೊಂಡ ಪ್ರತಿಫಲಕ, ಗಾಜಿನ ಮೇಲಿನ ಧೂಳು ಕೆಸರು, ಇವು ನುಂಗುವ ಬೆಳಕೂ ಅಲ್ಪವಲ್ಲ. ಇವನ್ನೆಲ್ಲ ಸರಿಪಡಿಸದೆ ಹೊಸ ಬಲ್ಬು ಹಾಕುವುದು ಮಸಿ ಹಿಡಿದ ಲಾಂದ್ರದ ಗಾಜನ್ನು ಒರೆಸದೆ ಬತ್ತಿಯನ್ನು ಎತ್ತರಿಸಿದಂತೆ.

ಲಾರಿಗೇ ವಿಶೇಷವಾದ ಇನ್ನೊಂದು ಕಾರಣ ಹೊರೆ. ಹಿಂಬದಿಯಲ್ಲಿ ಭಾರ ಹೇರಿದಾಗ ಹಿಂದಿನ ಪಟ್ಟಿಗಳು ತಗ್ಗಿ ಮುಂಭಾಗ ಮೇಲಕ್ಕೆ ನೋಡುವುದು. ಮುಂದಿನ ಹಿಂದಿನ ಅಚ್ಚುಗಳ ನಡುವೆ ಐದು ಮೀಟರ್ ಇರುವ ಲಾರಿಯ ಹಿಂಭಾಗ 10 ಸೆಂಟಿಮೀಟರ್ ತಗ್ಗಿದರೆ ವಾಹನದ ಓರೆ ನೂರಕ್ಕೆ ಎರಡು ಪಾಲಾಗುವುದು. ಡಿಮ್ ಬೆಳಕಿಗೆ ನಾವು ಕೊಡುವ ಇಳಿತವೇ ನೂರಕ್ಕೆ ಒಂದರಿಂದ ಎರಡು ಪಾಲು! ಖಾಲಿ ಲಾರಿಯಲ್ಲಿ ಸರಿಯಾಗಿ ಹೊಂದಿಸಿದ ದೀಪ ಹೊರೆ ಹೇರಿದ ಮೇಲೆ ಮುಖಕ್ಕೆ ಹೊಡೆಯುವುದು ಹೀಗೆ. ದೀಪದ ದಿಕ್ಕನ್ನು ಹೊರೆಯಿರುವಾಗ ಪರೀಕ್ಷಿಸಿ ತಿದ್ದಬೇಕು. ಇದಕ್ಕೆ ಬೇಕಾದದ್ದು ಒಂದು ಸ್ಕ್ರೂಡ್ರೈವರ್ ಮತ್ತು ಕಾಲುಗಂಟೆಯ ಸಮಯ.

ಇಷ್ಟೆಲ್ಲ ಮಾಡಿಯೂ ಎಲ್‌ಇಡಿಯೇ ಬೇಕೆನ್ನುವವರು ಬಲ್ಬನ್ನು ಮಾತ್ರ ಬದಲಿಸದೆ, ಎಲ್‌ಇಡಿಗೆಂದೇ ರಚಿಸಿ ಪರೀಕ್ಷಿಸಿ ಮಾನ್ಯತೆ ಪಡೆದ ಇಡಿಯ ಹೆಡ್‌ಲೈಟನ್ನು, ತಮ್ಮ ಮಾದರಿಯ ಲಾರಿಗೆ ಅದರ ತಯಾರಕರೇ ಒಪ್ಪಿದ್ದನ್ನು ಹಾಕಿಸುವುದು ಸರಿಯಾದ ಮಾರ್ಗ. ಬದಲಿ ಬಲ್ಬು ಎಂದೆಂದಿಗೂ ಅಸಾಧ್ಯವೆಂದು ಹೇಳುವುದು ಹಠವಾದೀತು. ಜರ್ಮನಿಯಲ್ಲಿ 2020ರಲ್ಲಿ ಒಂದು ಬಗೆಯ ಬದಲಿ ಎಲ್‌ಇಡಿ ಬಲ್ಬಿಗೆ ಅನುಮತಿ ದೊರೆಯಿತು. ಆದರೆ ಅದು ಎಲ್ಲ ವಾಹನಗಳಿಗಲ್ಲ. ಪರೀಕ್ಷೆ ಮಾಡಿ ಸರಿಯೆಂದು ಕಂಡ ಗೊತ್ತಾದ ಮಾದರಿಗಳಿಗೆ ಮಾತ್ರ. ಬಲ್ಬು ಒಳ್ಳೆಯದೋ ಕೆಟ್ಟದೋ ಎಂಬ ಪ್ರಶ್ನೆಗೆ ಅರ್ಥವಿಲ್ಲ, ಯಾವ ಹೆಡ್‌ಲೈಟಿನಲ್ಲಿ ಎಂಬುದು ಸೇರಿದಾಗಲೇ ಅದು ಪ್ರಶ್ನೆಯಾಗುವುದೆಂಬ ನಮ್ಮ ವಾದಕ್ಕೆ ಇದು ಪುಷ್ಟಿಯೇ ಆಗಿದೆ. ಕೊಳ್ಳುವಾಗ ಲಾರಿಯ ವಿದ್ಯುತ್ ವ್ಯವಸ್ಥೆಯನ್ನೂ ನೆನಪಿಡಬೇಕು. ದೊಡ್ಡ ಲಾರಿಯದು 24 ವೋಲ್ಟ್. ಎಂಜಿನ್ ಓಡುವಾಗ 28ರವರೆಗೂ ಏರುವುದು. 12 ವೋಲ್ಟಿನ ಕಾರಿಗೆಂದು ಮಾಡಿದ ಸರಕು ಅಲ್ಲಿ ಬಾಳದು. ಎಲ್‌ಇಡಿಯ ಹರಳು ಬಿಸಿಯಾದಂತೆ ಅದರ ಬೆಳಕು ಕುಗ್ಗುವುದು, ಆಯುಸ್ಸೂ ಕುಗ್ಗುವುದು. ಅದನ್ನು ತಂಪಾಗಿಡಲು ಹಿಂಬದಿಯಲ್ಲಿ ಕೂರಿಸುವ ಪುಟ್ಟ ಫ್ಯಾನು ನಮ್ಮ ಧೂಳಿನಲ್ಲಿ ಎಷ್ಟು ದಿನ ತಿರುಗೀತೆಂಬುದೂ ವಿಚಾರಾರ್ಹ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೆಯ ನಿಯಮದಂತೆ, ಎಂಟು ಮೀಟರ್ ಮುಂದೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ, ವಾಹನದ ಬಲಬದಿಯಿಂದ ಅರ್ಧ ಮೀಟರ್ ಆಚೆಗೆ ಇರುವ ಕಣ್ಣನ್ನು ಕೋರೈಸದಂತೆ ದೀಪದ ಬೆಳಕು ಕೆಳಕ್ಕೆ ಬಾಗಿರಬೇಕು. ಕಣ್ಣಿನ ಸ್ಥಾನವನ್ನೇ ಅಳತೆಯಲ್ಲಿ ಹೇಳಿರುವ ಈ ನಿಯಮ ಶ್ಲಾಘ್ಯವಾದುದು. 2024ರ ಜುಲೈಯಲ್ಲಿ ಕರ್ನಾಟಕದ ಪೊಲೀಸರು ಕಣ್ಣು ಕೋರೈಸುವ ಎಲ್‌ಇಡಿ ದೀಪದ ವಾಹನಗಳ ಮೇಲೆ, ಅದರಲ್ಲಿಯೂ ಲಾರಿ ಮೊದಲಾದ ಭಾರಿ ವಾಹನಗಳ ಮೇಲೆ, ಮೊಕದ್ದಮೆ ಹೂಡಲು ತೊಡಗಿದರು. ಇದು ಒಳ್ಳೆಯ ಕ್ರಮ. ಆದರೆ ನನ್ನ ಅಭಿಪ್ರಾಯದಲ್ಲಿ ದಂಡವೊಂದರಿಂದಲೇ ಕೆಲಸ ಮುಗಿಯದು. ದಂಡ ತೆರುವವನು ಚಾಲಕ. ಬಲ್ಬು ಹಾಕಿಸಿದವನು ಬಹಳ ವೇಳೆ ಮಾಲೀಕ. ಮಾರಿ ಲಾಭ ಪಡೆದವನು ಮೂರನೆಯವನು. ಎಫ್‌ಸಿಗೆಂದು ಲಾರಿ ಬಂದಾಗ ದೀಪ ಉರಿಯುವುದೇ ಎಂದು ನೋಡಿದರೆ ಸಾಲದು, ಅದು ಎಲ್ಲಿ ಬೀಳುವುದೆಂದು ಯಂತ್ರದಿಂದ ಅಳೆಯಬೇಕು. ಪೆಟ್ಟಿಗೆಯ ಮೇಲೆ ಅಸಾಧ್ಯವಾದ ಸಂಖ್ಯೆಗಳನ್ನು ಅಚ್ಚುಹಾಕಿ ಮಾರುವವರನ್ನು ತೂಕದಲ್ಲಿ ಮೋಸ ಮಾಡುವ ವರ್ತಕರಂತೆಯೇ ನೋಡಬೇಕು. ಚಾಲಕನನ್ನು ಅಪರಾಧಿಯನ್ನಾಗಿ ಮಾಡುವ ಮೊದಲು ಅವನಿಗೆ ಸರಿಯಾದ ಬೆಳಕು ಸಿಗುವ ದಾರಿಯನ್ನು ತೋರಿಸುವುದು ಸಮಾಜದ ಕರ್ತವ್ಯ.

ಈ ಕರ್ತವ್ಯದಲ್ಲಿ ವಿದ್ಯಾರ್ಥಿಗಳಿಗೂ ಪಾಲಿದೆ. ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಲಾರಿಯನ್ನು ನಡೆಸುವವರಿದ್ದರೆ ಅವರ ಒಪ್ಪಿಗೆ ಪಡೆದು ಒಂದು ಸಂಜೆ ಈ ಪ್ರಯೋಗವನ್ನು ಮಾಡಿ. ಸಮತಟ್ಟಾದ ನೆಲದ ಮೇಲೆ, ಒಂದು ಬಿಳಿಯ ಗೋಡೆಗೆ 10 ಮೀಟರ್ ದೂರದಲ್ಲಿ ಲಾರಿಯನ್ನು ಗೋಡೆಗೆ ಎದುರಾಗಿ ನಿಲ್ಲಿಸಿ. ದೀಪದ ನಡುಮಧ್ಯದ ಎತ್ತರವನ್ನು ಟೇಪಿನಿಂದ ಅಳೆದು ಅದೇ ಎತ್ತರಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದಿಂದ ಒಂದು ಅಡ್ಡಗೆರೆ ಎಳೆಯಿರಿ. ಅದಕ್ಕೆ 10 ಸೆಂಟಿಮೀಟರ್ ಕೆಳಗೊಂದು, 20 ಸೆಂಟಿಮೀಟರ್ ಕೆಳಗೊಂದು ಗೆರೆ ಎಳೆಯಿರಿ. ಕತ್ತಲಾದ ಮೇಲೆ ಡಿಮ್ ಬೆಳಕನ್ನು ಹಾಕಿಸಿ. ಬೆಳಕಿನ ಮೇಲಂಚು ಕೆಳಗಿನ ಆ ಎರಡು ಗೆರೆಗಳ ನಡುವೆ ಸ್ಪಷ್ಟವಾಗಿ ಕಾಣಬೇಕು. ಎಡಕ್ಕೆ ಮಾತ್ರ ಅದು ತುಸು ಮೇಲೇರಬಹುದು, ಏಕೆಂದರೆ ಎಡಬದಿಯಲ್ಲಿ ನಡೆಯುವವರನ್ನು ಕಾಣಲು ಅದು ಬೇಕು. ಅಂಚೇ ಇಲ್ಲದೆ ಬೆಳಕು ಮಸುಕಾಗಿ ಮೇಲಕ್ಕೆ ಹರಡಿದ್ದರೆ, ಅಥವಾ ಮೇಲಿನ ಗೆರೆಯ ಬಲಭಾಗದಲ್ಲಿ ಹೊಳೆಯುವ ತೇಪೆಗಳು ಕಂಡರೆ, ಅಲ್ಲಿಯೇ ಎದುರಿನವನ ಕಣ್ಣಿದೆಯೆಂದು ತಿಳಿಯಿರಿ. ಅದೇ ಹೆಡ್‌ಲೈಟಿಗೆ ಮೊದಲು ಹ್ಯಾಲೊಜನ್ ಬಲ್ಬನ್ನೂ ಆಮೇಲೆ ಎಲ್‌ಇಡಿಯನ್ನೂ ಹಾಕಿ ಎರಡು ಸಲ ನೋಡಿದರೆ ಪರವಲಯದ ಪಾಠ ಜನ್ಮದಲ್ಲಿ ಮರೆಯದು. ಹ್ಯಾಲೊಜನ್ ಬಲ್ಬಿನ ಗಾಜನ್ನು ಬರಿಗೈಯಿಂದ ಮುಟ್ಟಬೇಡಿ. ಬೆರಳಿನ ಜಿಡ್ಡು ಅದರ ಆಯುಸ್ಸನ್ನು ಕಡಿಮೆ ಮಾಡುವುದು. ದೀಪ ಆರಿದ ಕೂಡಲೇ ಅದು ಬಹಳ ಬಿಸಿಯಾಗಿರುವುದೆಂಬುದನ್ನೂ ಮರೆಯಬೇಡಿ.

ಆ ಗೋಡೆಯನ್ನು ಚಾಲಕನಿಗೆ ತೋರಿಸಿ. ಅವನು ತನ್ನ ದೀಪವನ್ನು ಯಾವಾಗಲೂ ಹಿಂದಿನಿಂದಲೇ ನೋಡಿರುವನು. ಅನಂತರ, ಲಾರಿಯನ್ನು ಗೋಡೆಯ ಕಡೆಯಿಂದ ಬಯಲಿನ ಕಡೆಗೆ ತಿರುಗಿಸಿ ನಿಲ್ಲಿಸಿ, ಅವನನ್ನು 25 ಮೀಟರ್ ದೂರದಲ್ಲಿ ಸೈಕಲ್ಲಿನ ಮೇಲೆ ಕೂರಿಸಿ ಅವನದೇ ಡಿಮ್ ಬೆಳಕನ್ನು ಎದುರಿನಿಂದ ನೋಡುವಂತೆ ಹೇಳಿ. ಯಾವ ಬಲ್ಬನ್ನು ಉಳಿಸಿಕೊಳ್ಳಬೇಕೆಂಬ ತೀರ್ಮಾನವನ್ನು ಆಮೇಲೆ ಅವನಿಗೇ ಬಿಡಬಹುದು.